ಆಕ್ಸಿಲರೇಟರ್ ಒತ್ತಿದರೆ ಗಾಡಿ ನಡುಗುತ್ತದೆಯೇ? ಗ್ಯಾರೇಜಿಗೆ ಮುಂಚೆ ಇಷ್ಟು ನೋಡಿ

ನಮ್ಮ ಕಡೆ ಮಳೆ ನಂಬಿದ ರೈತರ ಮನೆ ಮುಂದೆ ನಿಂತಿರೋ ಗಾಡಿಗಳೆಲ್ಲ ಹೆಚ್ಚುಕಮ್ಮಿ ಎರಡನೇ ಕೈಯವು, ಮೂರನೇ ಕೈಯವು. ಮಾರುತಿ 800 ತಯಾರಾಗುವುದು 2014ರಲ್ಲೇ ನಿಂತಿತು. ಓಮ್ನಿ ವ್ಯಾನು 2019ರಲ್ಲಿ ನಿಂತಿತು. ಆದರೂ ಶೇಂಗಾ ಚೀಲ ಮಾರ್ಕೆಟಿಗೆ ಹಾಕೋದಕ್ಕೆ, ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯೋದಕ್ಕೆ, ಬೀಜ ಗೊಬ್ಬರ ತರೋದಕ್ಕೆ ಇವತ್ತಿಗೂ ಅವೇ ಓಡುತ್ತಿವೆ. ಅವು ನಿಂತರೆ ನಮ್ಮ ಕೆಲಸವೂ ನಿಂತ ಹಾಗೆ.

ಇಂಥ ಗಾಡಿಗಳಿಗೆ ಬರುವ ಒಂದು ಸಾಮಾನ್ಯ ಕಾಯಿಲೆ ನಡುಕ. ಸುಮ್ಮನೆ ಹೋಗುವಾಗ ಸರಿ ಇರುತ್ತದೆ. ಆಕ್ಸಿಲರೇಟರ್ ಒತ್ತಿದ ಕೂಡಲೇ ಸೀಟು, ನೆಲ, ಸ್ಟೇರಿಂಗ್ ಎಲ್ಲ ಅದುರುತ್ತವೆ. 'ಗಾಡಿ ನಡುಗ್ತದೆ, ನೋಡ್ರಿ' ಅಂತ ಒಂದೇ ಮಾತು ಹೇಳಿ ಗ್ಯಾರೇಜಿನಲ್ಲಿ ಬಿಟ್ಟರೆ ಅವರು ಊಹೆಯ ಮೇಲೆ ಒಂದೊಂದೇ ಸಾಮಾನು ಬದಲಿಸುತ್ತಾ ಹೋಗುತ್ತಾರೆ. ನಮ್ಮ ಪಕ್ಕದ ಹೊಲದವರ ವ್ಯಾನಿಗೆ ಹೀಗೇ ಆಯಿತು. ಮೊದಲು ಬ್ಯಾಲೆನ್ಸಿಂಗ್, ಆಮೇಲೆ ಎರಡು ಟೈರು, ಆಮೇಲೆ ಪ್ಲಗ್ಗು. ನಡುಕ ಹಾಗೇ ಇತ್ತು. ಕಡೆಗೆ ಸಿಕ್ಕಿದ್ದು ಕೆಳಗಿನ ಉದ್ದ ಶಾಫ್ಟಿನ ಒಂದು ಜಾಯಿಂಟ್. ಹಿಡಿದು ತಿರುಚಿದರೆ ಕೈಗೇ ಗೊತ್ತಾಗುವಷ್ಟು ಸಡಿಲ. ಅಷ್ಟರಲ್ಲಿ ಆ ವರ್ಷದ ಹುರುಳಿ ಮಾರಿದ ದುಡ್ಡು ಮುಗಿದಿತ್ತು.

ನಾನು ಮೆಕ್ಯಾನಿಕ್ ಅಲ್ಲ, ಏಳನೇ ಕ್ಲಾಸಿನವರೆಗೆ ಓದಿದ ರೈತ. ಆದರೆ ಜೀಪು, ಟ್ರ್ಯಾಕ್ಟರು, ಹಳೇ ಕಾರುಗಳ ಜೊತೆ ಬಹಳ ವರ್ಷ ಕಳೆದಿದ್ದೇನೆ. ರಿಪೇರಿ ಅವರೇ ಮಾಡಲಿ. ಕಾಯಿಲೆ ಎಲ್ಲಿದೆ ಅಂತ ಅಂದಾಜು ಹಿಡಿಯೋದನ್ನು ನಾವು ಕಲಿಯಬಹುದು.

ಬೆಳೆ ನೋಡುವ ಕಣ್ಣಲ್ಲೇ ನೋಡಿ

ಗಿಡ ಬಾಡಿದರೆ ನಾವು ಏನು ಕೇಳ್ತೀವಿ? 'ಯಾವಾಗ ಬಾಡ್ತದೆ?' ಅಂತ. ಮಧ್ಯಾಹ್ನ ಬಾಡಿ ಸಂಜೆಗೆ ಎದ್ದರೆ ನೀರು ಸಾಲದು. ಬೆಳಗಿನ ಜಾವಕ್ಕೂ ಏಳದಿದ್ದರೆ ಬುಡ ಕಿತ್ತು ಬೇರು ನೋಡಬೇಕು. ಗಾಡಿಗೂ ಇದೇ ಲೆಕ್ಕ. ಎಲ್ಲಿ ನಡುಗುತ್ತದೆ ಅನ್ನೋದಕ್ಕಿಂತ ಯಾವಾಗ ನಡುಗುತ್ತದೆ ಅನ್ನೋದು ಮುಖ್ಯ. ಅದುರುವ ಜಾಗ ಮೋಸ ಮಾಡುತ್ತದೆ. ಹಿಂದಿನ ಶಾಫ್ಟಿನ ನಡುಕ ಮುಂದಿನ ಸೀಟಿನಲ್ಲಿ ಗೊತ್ತಾಗಬಹುದು.

ನಡುಗಬಲ್ಲ ಜಾಗ ಮೂರೇ ಮೂರು. ಒಂದು, ಶಕ್ತಿ ಹುಟ್ಟಿಸುವ ಎಂಜಿನ್. ಎರಡು, ಆ ಶಕ್ತಿಯನ್ನು ಸಾಗಿಸುವ ಕ್ಲಚ್ಚು, ಶಾಫ್ಟು, ಜಾಯಿಂಟುಗಳು. ಮೂರು, ನೆಲದ ಮೇಲೆ ಉರುಳುವ ಚಕ್ರ. ಈ ಮೂರರಲ್ಲಿ ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಮೊದಲು ಕಾಸು ಖರ್ಚಿಲ್ಲದ ಕೆಲಸ

1. ಚಕ್ರದ ನಟ್ಟುಗಳನ್ನು ಪಾನಾ ಹಾಕಿ ನೋಡಿ. ಪಂಚರ್ ಹಾಕಿಸಿದ ಮೇಲೆ ಸಡಿಲ ಉಳಿದಿರುವುದು ಉಂಟು. ಎತ್ತಿನ ಗಾಡಿಗೆ ಕಡಾಣಿ ಇಲ್ಲದೆ ಹೊರಟ ಹಾಗೆ ಇದು. ಉಳಿದದ್ದೆಲ್ಲ ಆಮೇಲೆ.

2. ಚಕ್ರದ ಒಳಮೈ ತೊಳೆಯಿರಿ. ಎರೆ ಹೊಲದಿಂದ ಬಂದ ಗಾಡಿಯ ರಿಮ್ಮಿನೊಳಗೆ ಒಂದೇ ಕಡೆ ಮಣ್ಣು ಒಣಗಿ ಕಲ್ಲಾಗಿರುತ್ತದೆ. ಅಷ್ಟು ತೂಕ ಸಾಕು ಚಕ್ರ ಕುಣಿಯೋದಕ್ಕೆ. ಉದ್ದ ಶಾಫ್ಟಿನ ಮೇಲೆ ಮೆತ್ತಿದ ಮಣ್ಣೂ ಹಾಗೇ.

3. ಶಾಫ್ಟಿಗೆ ಹಗ್ಗ, ಗೋಣಿ ದಾರ, ಡ್ರಿಪ್ ಪೈಪಿನ ತುಂಡು ಸುತ್ತಿಕೊಂಡಿದೆಯೇ ಬಗ್ಗಿ ನೋಡಿ.

4. ಟೈರಿನ ಮೇಲೆ ಅಂಗೈ ಸವರಿ. ಉಬ್ಬು, ಗಂಟು, ಒಂದೇ ಕಡೆ ಸವೆತ ಇದ್ದರೆ ಕೈಗೆ ಗೊತ್ತಾಗುತ್ತದೆ. ಉಬ್ಬಿದ ಟೈರು ಯಾವಾಗ ಬೇಕಾದರೂ ಸಿಡಿಯಬಹುದು, ಅದನ್ನು ಅವತ್ತೇ ಬಿಚ್ಚಿಸಿ. ನಾಲ್ಕಕ್ಕೂ ಗಾಳಿ ಸರಿ ಇದೆಯೇ ನೋಡಿ.

ಇಷ್ಟು ಮಾಡಿದ ಮೇಲೂ ನಡುಕ ಹೋಗಲಿಲ್ಲ ಅಂದರೆ ಮುಂದಿನ ಪರೀಕ್ಷೆ.

ರಸ್ತೆಯ ಮೇಲೆ ನಾಲ್ಕು ಪರೀಕ್ಷೆ

ಜನ, ದನ ಇಲ್ಲದ ನೇರ ಸಮ ರಸ್ತೆ ಬೇಕು. ಜೊತೆಗೆ ಒಬ್ಬರು ಕೂತು ಬರೆದುಕೊಳ್ಳಲಿ.

ಪರೀಕ್ಷೆ 1: ಗಾಡಿ ನಿಲ್ಲಿಸಿ, ನ್ಯೂಟ್ರಲ್ಲಿನಲ್ಲಿಟ್ಟು ನಿಧಾನವಾಗಿ ಆಕ್ಸಿಲರೇಟರ್ ಒತ್ತಿ. ನಿಂತಲ್ಲೇ ನಡುಗಿದರೆ ಚಕ್ರದ್ದೂ ಅಲ್ಲ, ಶಾಫ್ಟಿನದ್ದೂ ಅಲ್ಲ, ಎಂಜಿನ್ ಕಡೆಯದು. ಒಂದು ಮಾತು ನೆನಪಿರಲಿ: ಮಾರುತಿ 800, ಓಮ್ನಿ, ಹಳೇ ಆಲ್ಟೋ ಇವೆಲ್ಲ ಮೂರು ಸಿಲಿಂಡರಿನವು. ನಿಂತಾಗ ಸ್ವಲ್ಪ ಜುಮ್ಮೆನ್ನುವುದು ಅವುಗಳ ಹುಟ್ಟುಗುಣ, ಕಾಯಿಲೆಯಲ್ಲ.

ಪರೀಕ್ಷೆ 2: ನಡುಕ ಬರುವ ವೇಗಕ್ಕೆ ಗಾಡಿ ತನ್ನಿ. 60 ಕಿ.ಮೀ. ಅಂತಿಟ್ಟುಕೊಳ್ಳಿ. ನಡುಗುತ್ತಿರುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಥಟ್ಟನೆ ನಿಂತರೆ ಅದು ಭಾರದ ನಡುಕ. ಜಾಯಿಂಟು, ಎಂಜಿನ್ ಮೌಂಟಿಂಗು, ಇಲ್ಲವೇ ಭಾರ ಬಿದ್ದಾಗ ಸಿಲಿಂಡರು ಸರಿಯಾಗಿ ಹೊಡೆಯದೇ ಇರೋದು, ಈ ಮೂರರಲ್ಲೊಂದು.

ಪರೀಕ್ಷೆ 3: ಅದೇ ವೇಗದಲ್ಲಿ ನ್ಯೂಟ್ರಲ್ ಮಾಡಿ ಗಾಡಿ ತಾನೇ ಉರುಳಲು ಬಿಡಿ. ಚಾವಿ ಮಾತ್ರ ಆಫ್ ಮಾಡಬೇಡಿ. ಮಾಡಿದರೆ ಸ್ಟೇರಿಂಗ್ ಲಾಕ್ ಆಗಬಹುದು, ಬ್ರೇಕ್ ಗಟ್ಟಿಯಾಗುತ್ತದೆ. ಉರುಳುವಾಗಲೂ ನಡುಕ ಹಾಗೇ ಇದ್ದರೆ ಎಂಜಿನ್ ತಪ್ಪಿತಸ್ಥ ಅಲ್ಲ. ಚಕ್ರ, ಟೈರು, ಇಲ್ಲವೇ ಬ್ಯಾಲೆನ್ಸ್ ತಪ್ಪಿದ ಶಾಫ್ಟು.

ಪರೀಕ್ಷೆ 4: ಒಂದೇ ವೇಗ, ಬೇರೆ ಗೇರು. 40 ಕಿ.ಮೀ. ವೇಗದಲ್ಲಿ ಮೂರನೇ ಗೇರಿನಲ್ಲಿ ಹೋಗಿ, ಆಮೇಲೆ ಅದೇ 40ರಲ್ಲಿ ನಾಲ್ಕನೇ ಗೇರಿನಲ್ಲಿ ಹೋಗಿ. ಎರಡರಲ್ಲೂ ಚಕ್ರ ಒಂದೇ ವೇಗದಲ್ಲಿ ತಿರುಗುತ್ತದೆ, ಎಂಜಿನ್ ಬೇರೆ ಬೇರೆ ವೇಗದಲ್ಲಿ ತಿರುಗುತ್ತದೆ. ನಡುಕ ಗೇರಿನ ಜೊತೆ ಬದಲಾದರೆ ಎಂಜಿನ್. ಯಾವ ಗೇರಾದರೂ ಅದೇ ವೇಗಕ್ಕೇ ಬಂದರೆ ಗೇರ್ ಬಾಕ್ಸಿನಿಂದ ಹಿಂದಕ್ಕೆ ಹುಡುಕಿ.

ಏರಿನಲ್ಲಿ, ತುಂಬಿದ ಗಾಡಿಯನ್ನು 25 ಕಿ.ಮೀ. ವೇಗದಲ್ಲಿ ನಾಲ್ಕನೇ ಗೇರಿಗೆ ಹಾಕಿ ಒತ್ತಿದರೆ ಯಾವ ಹೊಸ ಗಾಡಿಯೂ ನಡುಗುತ್ತದೆ. ಗೇರ್ ಇಳಿಸಿ, ನಡುಕ ಹೋಗುತ್ತದೆ. ಅದಕ್ಕೆ ಗ್ಯಾರೇಜು ಬೇಡ.

ನಿಧಾನ ಕುಣಿತವೇ, ಸಣ್ಣ ಜುಮ್ಮೇ?

ನಡುಕದ ತಾಳವನ್ನೂ ಕೇಳಿ. 60 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 16-17 ಮೀಟರ್. ಸಣ್ಣ ಕಾರಿನ ಚಕ್ರದ ಸುತ್ತಳತೆ 1.6 ಮೀಟರಿನ ಹತ್ತಿರ. ಅಂದರೆ ಸೆಕೆಂಡಿಗೆ 10 ಸುತ್ತು. ಜೀಪಿನಂಥ ದೊಡ್ಡ ಚಕ್ರ 2.2 ಮೀಟರ್ ಹಿಡಿದರೆ 7-8 ಸುತ್ತು. ಆದ್ದರಿಂದ ಚಕ್ರದ ನಡುಕ 'ದಡ ದಡ ದಡ' ಅಂತ ಎಣಿಸಿದ ಹಾಗೆ ಬರುತ್ತದೆ. ಹಿಂದಿನ ಚಕ್ರ ತಳ್ಳುವ ಗಾಡಿಯ ಉದ್ದ ಶಾಫ್ಟು ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ನಾಲ್ಕೈದು ಸುತ್ತು ತಿರುಗಿರುತ್ತದೆ. ಜೀಪಿನಲ್ಲಿ ಸೆಕೆಂಡಿಗೆ 30ಕ್ಕೂ ಮೇಲೆ. ಅದರ ನಡುಕ ಎಣಿಸಲು ಬರುವುದಿಲ್ಲ. 'ಗುಂಯ್' ಅಂತ ಪಾದಕ್ಕೆ, ಸೀಟಿನ ಕೆಳಗೆ ಜುಮ್ಮೆನ್ನುತ್ತದೆ.

ಎಂಜಿನ್ ಕಡೆ

ಮೂರು ಎತ್ತಿನಲ್ಲಿ ಒಂದು ನೊಗಕ್ಕೆ ಹೆಗಲು ಕೊಡದೆ ನಡೆದರೆ ಹೇಗಿರುತ್ತದೆಯೋ, ಒಂದು ಸಿಲಿಂಡರು ಹೊಡೆಯದಿದ್ದರೆ ಹಾಗಿರುತ್ತದೆ. ಗಾಡಿ ಎಳೆಯುವುದಿಲ್ಲ, ಜಗ್ಗಿ ಜಗ್ಗಿ ಹೋಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ನಿಂತಾಗ ಸರಿ ಇದ್ದು ಭಾರ ಬಿದ್ದಾಗ ಮಾತ್ರ ತಪ್ಪುವುದೂ ಉಂಟು. ಯಾಕೆಂದರೆ ಭಾರ ಬಿದ್ದಾಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚು, ಅಲ್ಲಿ ಕಿಡಿ ಹಾರಿಸೋದು ಕಷ್ಟ. ಸೋತ ಪ್ಲಗ್ಗು ಅಲ್ಲಿ ಸೋಲುತ್ತದೆ.

ತಣ್ಣಗಿರುವಾಗ ಪ್ಲಗ್ಗು ಬಿಚ್ಚಿಸಿ ಮುಖ ನೋಡಿ. ತಿಳಿ ಕಂದು ಬಣ್ಣ ಆರೋಗ್ಯ. ಕರೀ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಇಲ್ಲವೇ ಕಿಡಿ ಕಮ್ಮಿ. ಎಣ್ಣೆ ಒದ್ದೆಯಿದ್ದರೆ ಆಯಿಲ್ ಒಳಗೆ ಬರುತ್ತಿದೆ. ಮೂರರಲ್ಲಿ ಒಂದರ ಮುಖ ಮಾತ್ರ ಬೇರೆ ಇದ್ದರೆ ಕಾಯಿಲೆ ಆ ಸಿಲಿಂಡರಿನದು. ಹಳೇ ಗಾಡಿಯ ಪ್ಲಗ್ ವೈರು ಸೋರುತ್ತಿದೆಯೇ ನೋಡಲು ಅಮಾವಾಸ್ಯೆ ಕತ್ತಲಿನಲ್ಲಿ ಬಾನೆಟ್ ತೆರೆದು ಎಂಜಿನ್ ಓಡಿಸಿ ದೂರದಿಂದ ನೋಡಿ. ಸೋರುತ್ತಿದ್ದರೆ ನೀಲಿ ಕಿಡಿ ಕಾಣುತ್ತದೆ. ಕೈ ಹಾಕಬೇಡಿ. ನಮ್ಮ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ, ಅದನ್ನೂ ನೋಡಿ.

ಎರಡು ಎಚ್ಚರಿಕೆ. ಇಂಜೆಕ್ಷನ್ ಗಾಡಿಯಲ್ಲಿ ಹಳೇ ಪದ್ಧತಿಯಂತೆ ಎಂಜಿನ್ ಓಡುವಾಗ ಪ್ಲಗ್ ವೈರು ಕಿತ್ತು ನೋಡಬೇಡಿ. ಕಾಯಿಲ್ ಸುಡುತ್ತದೆ, ಉರಿಯದ ಪೆಟ್ರೋಲ್ ಹೋಗಿ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಮುಂದೆ ಎಂಜಿನ್ ಲೈಟು ಮಿಣುಕುತ್ತಿದ್ದರೆ ಒತ್ತಿ ಓಡಿಸಬೇಡಿ, ಸ್ಕ್ಯಾನರ್ ಇರುವವರಿಗೆ ತೋರಿಸಿ. ಇನ್ನು ಕಾಮನ್ ರೈಲ್ ಡೀಸೆಲ್ ಗಾಡಿಯಲ್ಲಿ ಇಂಜೆಕ್ಟರ್ ಪೈಪಿನ ನಟ್ಟನ್ನು ಸಡಿಲಿಸಲೇಬಾರದು. ಒಳಗೆ 1000 ಬಾರ್‌ಗೂ ಮೀರಿದ ಒತ್ತಡ ಇರುತ್ತದೆ, ಡೀಸೆಲ್ ಚರ್ಮ ತೂರಿ ಮೈಯೊಳಗೆ ಹೋಗುತ್ತದೆ. ಹಳೇ ಟ್ರ್ಯಾಕ್ಟರಿನಲ್ಲಿ ಮಾಡುವ ಕೆಲಸ ಇಲ್ಲಿ ನಡೆಯಲ್ಲ.

ಇನ್ನೊಂದು ಎಂಜಿನ್ ಮೌಂಟಿಂಗ್. ಎಂಜಿನನ್ನು ಚಾಸಿಗೆ ಹಿಡಿದಿಡುವ ರಬ್ಬರು ಇದು. ರಬ್ಬರು ಹರಿದರೆ ಒತ್ತಿದಾಗ ಎಂಜಿನ್ ಮಗ್ಗುಲಿಗೆ ಎದ್ದು ಕಬ್ಬಿಣಕ್ಕೆ ತಾಗುತ್ತದೆ, ನಡುಕ ನೇರ ಬಾಡಿಗೆ ಬರುತ್ತದೆ. ನೋಡುವ ಕ್ರಮ: ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಒಳಗಿರುವವರು ಬ್ರೇಕ್ ಒತ್ತಿ ಹಿಡಿದು ಒಂದನೇ ಗೇರಿನಲ್ಲಿ ಕ್ಲಚ್ಚನ್ನು ಕೂದಲೆಳೆಯಷ್ಟು ಬಿಡಲಿ. ಆಮೇಲೆ ರಿವರ್ಸಿನಲ್ಲಿ. ನೀವು ಪಕ್ಕದಲ್ಲಿ ನಿಂತು ನೋಡಿ. ಗಾಡಿಯ ಮುಂದೆಯೂ ಹಿಂದೆಯೂ ಯಾರೂ ನಿಲ್ಲಬಾರದು. ಎಂಜಿನ್ ಸ್ವಲ್ಪ ಅಲುಗಿದರೆ ಸರಿ. ಒಂದು ಇಂಚು ಎದ್ದು 'ಧಡ್' ಅಂತ ಬಿದ್ದರೆ ಮೌಂಟಿಂಗ್ ಹೋಗಿದೆ.

ಹೊರಡುವಾಗ ಮಾತ್ರ ನಡುಗಿದರೆ

ನಿಂತ ಗಾಡಿ ಹೊರಡುವ ಹೊತ್ತಿಗೆ, ಕ್ಲಚ್ ಬಿಡುವಾಗ ಮಾತ್ರ ಗಡಗಡ ಅಂದು ಆಮೇಲೆ ಸರಿಹೋದರೆ ಅದು ಕ್ಲಚ್ಚು. ಪ್ಲೇಟಿಗೆ ಆಯಿಲ್ ತಾಗಿದೆ, ಇಲ್ಲವೇ ಸವೆದಿದೆ, ಇಲ್ಲವೇ ಅರ್ಧ ಕ್ಲಚ್ಚಿನಲ್ಲಿ ಎಳೆದೂ ಎಳೆದೂ ಸುಟ್ಟಿದೆ. ಹೊಸ ಪ್ಲೇಟ್ ಹಾಕಿಸುವಾಗ ಆಯಿಲ್ ಸೋರುವ ಸೀಲನ್ನೂ ಬದಲಿಸಿ. ಇಲ್ಲದಿದ್ದರೆ ಹೊಸ ಪ್ಲೇಟೂ ಅದೇ ದಾರಿ ಹಿಡಿಯುತ್ತದೆ.

ಮುಂದಿನ ಚಕ್ರ ಎಳೆಯುವ ಗಾಡಿ

ಮಾರುತಿ 800, ಆಲ್ಟೋ ಮುಂತಾದ ಕಾರುಗಳಲ್ಲಿ ಗೇರ್ ಬಾಕ್ಸಿನಿಂದ ಎಡಕ್ಕೊಂದು ಬಲಕ್ಕೊಂದು ಗಿಡ್ಡ ಶಾಫ್ಟು ಹೊರಟು ಮುಂದಿನ ಚಕ್ರ ತಿರುಗಿಸುತ್ತದೆ. ಪ್ರತಿ ಶಾಫ್ಟಿಗೂ ಎರಡು ಜಾಯಿಂಟು. ಚಕ್ರದ ಕಡೆಯ ಹೊರ ಜಾಯಿಂಟ್ ಸವೆದರೆ ಪೂರ್ತಿ ತಿರುಗಿಸಿ ಹೋಗುವಾಗ 'ಕಟ ಕಟ' ಶಬ್ದ ಬರುತ್ತದೆ. ಗೇರ್ ಬಾಕ್ಸ್ ಕಡೆಯ ಒಳ ಜಾಯಿಂಟ್ ಸವೆದರೆ ಶಬ್ದ ಬಾರದು, ಒತ್ತಿದಾಗ ನಡುಕ ಬರುತ್ತದೆ. ನಮ್ಮ ಪಾಠದ ಮುಖ್ಯ ಅಪರಾಧಿ ಇವನೇ.

ಕಾರಣ ಹೀಗಿದೆ. ಅನೇಕ ಕಾರುಗಳ ಒಳ ಜಾಯಿಂಟಿನಲ್ಲಿ ಮೂರು ಗಾಲಿಗಳು ಮೂರು ಕಾಲುವೆಯಲ್ಲಿ ಹಿಂದೆ ಮುಂದೆ ಜಾರುತ್ತಾ ತಿರುಗುತ್ತವೆ. ಓಡಿ ಓಡಿ ಕಾಲುವೆಯಲ್ಲಿ ಗುಂಡಿ ಬೀಳುತ್ತದೆ. ಭಾರ ಇಲ್ಲದಾಗ ಗಾಲಿ ಹೇಗೋ ಜಾರುತ್ತದೆ. ಒತ್ತಿದಾಗ ಗುಂಡಿಯಲ್ಲಿ ಕಚ್ಚಿ ಬಿಡುತ್ತದೆ, ಕಚ್ಚಿ ಬಿಡುತ್ತದೆ. ಒಂದು ಸುತ್ತಿಗೆ ಮೂರು ಸಲ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಕಾಲು ತೆಗೆದರೆ ಸುಮ್ಮನಾಗುತ್ತದೆ.

ಇದಕ್ಕೆ ಮೂಲ ಹೆಚ್ಚಾಗಿ ಹರಿದ ರಬ್ಬರ್ ಬೂಟು. ಒಳಗಿನ ಗ್ರೀಸು ಹೊರಗೆ, ಹೊರಗಿನ ಮರಳು ಒಳಗೆ. ಸ್ಟೇರಿಂಗ್ ಪೂರ್ತಿ ತಿರುಗಿಸಿಟ್ಟು, ಎಂಜಿನ್ ನಿಲ್ಲಿಸಿ, ಟಾರ್ಚ್ ಹಾಕಿ ಬೂಟುಗಳನ್ನು ನೋಡಿ. ಸುತ್ತ ಕರೀ ಗ್ರೀಸು ಚಿಮ್ಮಿದ್ದರೆ ಹರಿದಿದೆ ಅಂತ ಅರ್ಥ. ಹರಿದ ಹೊಸತರಲ್ಲೇ ಬೂಟು, ಗ್ರೀಸು ಬದಲಿಸಿದರೆ ಜಾಯಿಂಟ್ ಉಳಿಯುತ್ತದೆ. ಮರಳು ಸೇರಿ ತಿಂಗಳುಗಟ್ಟಲೆ ಓಡಿದ ಮೇಲೆ ಬರೀ ಬೂಟು ಹಾಕಿ ಪ್ರಯೋಜನವಿಲ್ಲ.

ಹಿಂದಿನ ಚಕ್ರ ತಳ್ಳುವ ಗಾಡಿ

ಜೀಪು, ಬೊಲೆರೊ, ಓಮ್ನಿ ಇವುಗಳಲ್ಲಿ ಹೊಟ್ಟೆ ಕೆಳಗೆ ಉದ್ದ ಶಾಫ್ಟು ಇದೆ. ಅದರ ತುದಿಗಳಲ್ಲಿ ಕೂಡಿಸುವ ಗುರುತಿನ ಹಾಗಿರುವ ಕ್ರಾಸು, ಅದಕ್ಕೆ ನಾಲ್ಕು ಟೋಪಿ, ಟೋಪಿಯೊಳಗೆ ಸೂಜಿಯಂಥ ಬೇರಿಂಗು. ಟ್ರ್ಯಾಕ್ಟರಿನಿಂದ ರೋಟವೇಟರಿಗೆ ಹೋಗುವ ಶಾಫ್ಟಿನಲ್ಲೂ ಇದೇ ಕ್ರಾಸು. ರೋಟವೇಟರನ್ನು ತಿರುಗುತ್ತಿರುವಾಗಲೇ ಬಹಳ ಮೇಲೆತ್ತಿದರೆ ಶಾಫ್ಟು ಗಡಗಡ ಅನ್ನುವುದನ್ನು ನೋಡಿದ್ದೀರಿ. ಕ್ರಾಸು ಬಾಗಿ ತಿರುಗುವಾಗ ಒಂದು ಸುತ್ತಿನಲ್ಲಿ ಎರಡು ಸಲ ಮುಂದೋಡಿ ಎರಡು ಸಲ ಹಿಂದೆ ಬೀಳುತ್ತದೆ. ಆ ತುದಿಯ ಕ್ರಾಸು ಇದಕ್ಕೆ ಉಲ್ಟಾ ಮಾಡಿ ಸರಿದೂಗಿಸುತ್ತದೆ. ಎರಡೂ ತುದಿಯ ಬಾಗು ಸಮ ಇದ್ದರೆ ಮಾತ್ರ ಈ ಲೆಕ್ಕ ಕೂಡುತ್ತದೆ.

ನೋಡುವ ಕ್ರಮ: ಗಟ್ಟಿ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಗೇರಿನಲ್ಲಿಟ್ಟು, ಚಕ್ರಗಳಿಗೆ ಕಲ್ಲು ಕೊಡಿ. ಬರೀ ಜಾಕಿನ ಮೇಲಿರುವ ಗಾಡಿಯ ಕೆಳಗೆ ಯಾರೂ ನುಗ್ಗಬಾರದು. ಕ್ರಾಸಿನ ಆಚೆ ಒಂದು ಕೈ, ಈಚೆ ಒಂದು ಕೈ ಹಿಡಿದು ಬಟ್ಟೆ ಹಿಂಡಿದ ಹಾಗೆ ತಿರುಚಿ, ಮೇಲೆ ಕೆಳಗೆ ಅಲುಗಿಸಿ. ಕ್ರಾಸಿನಲ್ಲಿ ಸಡಿಲ ಇರಲೇಬಾರದು. ಟೋಪಿಯ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗೆ ಗ್ರೀಸು ಒಣಗಿದೆ. ಮುಂದಿನ ಗೇರಿನಿಂದ ರಿವರ್ಸಿಗೆ ಹಾಕುವಾಗ 'ಟಕ್' ಅನ್ನುವುದೂ ಇದರ ಗುರುತು. ಗ್ರೀಸು ಹೊಡೆಯುವ ಮೊಲೆ ಇರುವ ಗಾಡಿಗಳಿಗೆ ಮರೆಯದೆ ಹೊಡೆಸಿ. ನಮ್ಮ ಹಿರಿಯರು ಕೀಲೆಣ್ಣೆ ಇಲ್ಲದೆ ಬಂಡಿ ಹೂಡುತ್ತಿರಲಿಲ್ಲ. ಶಾಫ್ಟಿಗೆ ನಡುವೆ ಬೇರಿಂಗ್ ಇದ್ದರೆ ಅದರ ರಬ್ಬರೂ ನೋಡಿ.

ಇಲ್ಲಿ ಎರಡು ವಿಷಯ ನಮ್ಮವರು ತಿಳಿಯಲೇಬೇಕು.

ಒಂದು, ಶಾಫ್ಟು ಬಿಚ್ಚುವ ಮುಂಚೆ ಸುಣ್ಣದಿಂದಲೋ ಬಣ್ಣದಿಂದಲೋ ಗುರುತು ಹಾಕಿಸಿ. ಜಾರುವ ಹಲ್ಲಿನ ಭಾಗ ಬಿಚ್ಚಿ ಮತ್ತೆ ಕೂಡಿಸುವಾಗ ಎರಡು ತುದಿಯ ಕವೆ ಮೊದಲಿದ್ದ ಸಾಲಿಗೇ ಬರಬೇಕು. ಒಂದೇ ಹಲ್ಲು ತಪ್ಪಿದರೂ ಹೊಸ ಕ್ರಾಸು ಹಾಕಿದ ಗಾಡಿಯೇ ನಡುಗುತ್ತದೆ. 'ರಿಪೇರಿ ಆದ ಮೇಲೆ ನಡುಕ ಶುರುವಾಯ್ತು' ಅನ್ನುವವರು ಮೊದಲು ಇದನ್ನು ನೋಡಿಸಿ.

ಎರಡು, ಹೆಚ್ಚು ಚೀಲ ಹೊರಲಿ ಅಂತ ಹಿಂದೆ ಒಂದೆರಡು ಪಟ್ಟಿ ಹೆಚ್ಚಿಗೆ ಹಾಕಿಸುತ್ತೇವೆ. ಗಾಡಿಯ ಹಿಂಭಾಗ ಎತ್ತರವಾಗಿ ಶಾಫ್ಟಿನ ಬಾಗು ಬದಲಾಗುತ್ತದೆ. ಖಾಲಿ ಗಾಡಿ ಒತ್ತಿದಾಗ ನಡುಗಿ, ಚೀಲ ಹೇರಿದ ಮೇಲೆ ಸರಿಹೋದರೆ ಅನುಮಾನ ಪಟ್ಟಿಯ ಮೇಲಿರಲಿ. ಪಟ್ಟಿಯ ನಡು ಬೋಲ್ಟು ತುಂಡಾದರೂ, ಯು ಬೋಲ್ಟು ಸಡಿಲವಾದರೂ ಒತ್ತಿದಾಗ ಹಿಂದಿನ ಆಕ್ಸಲು ಹೊರಳಿ ಇದೇ ನಡುಕ ಬರುತ್ತದೆ.

ಯಾವುದಕ್ಕೆ ಕಾಯಬಾರದು

ಪ್ಲಗ್ಗು, ಮೌಂಟಿಂಗು ಇವು ಸುಗ್ಗಿ ಮುಗಿಯುವ ತನಕ ಒಂದೆರಡು ವಾರ ಕಾದರೂ ಕಾದಾವು. ಸಡಿಲ ನಟ್ಟು, ಉಬ್ಬಿದ ಟೈರು, ಸಡಿಲ ಕ್ರಾಸು ಇವು ಕಾಯುವುದಿಲ್ಲ. ಓಡುವಾಗ ಮುಂದಿನ ಕ್ರಾಸು ಮುರಿದರೆ ಶಾಫ್ಟಿನ ತುದಿ ರಸ್ತೆಗೆ ಬಿದ್ದು ಚುಚ್ಚಿಕೊಳ್ಳುತ್ತದೆ. ಗಾಡಿ ಮಗುಚಬಹುದು. ಒಳ ಜಾಯಿಂಟ್ ಏರಿನಲ್ಲಿ ಕೈಕೊಟ್ಟರೆ ಎಂಜಿನ್ ಓಡುತ್ತಲೇ ಇರುತ್ತದೆ, ಗಾಡಿ ಹಿಂದಕ್ಕೆ ಜಾರುತ್ತದೆ. ನಮ್ಮ ಕಡೆ ಗಾಡಿಯಲ್ಲಿ ಹಿಂದೆ ಕೂರುವವರು ಕಳೆ ತೆಗೆಯಲು ಬರುವ ಹೆಣ್ಣುಮಕ್ಕಳು, ಶಾಲೆ ಮಕ್ಕಳು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ತೀರ್ಮಾನ ಮಾಡಿ.

ಹಳೇ ಗಾಡಿ ಕೊಳ್ಳುವಾಗಲೂ ಮೇಲಿನ ನಾಲ್ಕು ಪರೀಕ್ಷೆ ಮಾಡಿ, ಆಮೇಲೆ ಮುಂಗಡ ಕೊಡಿ. ಬಣ್ಣ, ಸೀಟು ಕವರು ನೋಡಿ ಮರುಳಾಗಬೇಡಿ. ಎತ್ತು ಕೊಳ್ಳುವಾಗ ನಡೆಸಿ ನೋಡದೆ ಕೊಳ್ಳುತ್ತೇವೆಯೇ?

ಮೆಕ್ಯಾನಿಕ್ ಕೈಗೆ ಒಂದು ಚೀಟಿ

ಗ್ಯಾರೇಜಿಗೆ ಹೋಗುವಾಗ ಇಷ್ಟನ್ನು ಬರೆದುಕೊಂಡು ಹೋಗಿ:

- ನಿಂತಲ್ಲಿ ಒತ್ತಿದರೆ ನಡುಗುತ್ತದೆಯೇ?
- ಎಷ್ಟು ಕಿ.ಮೀ. ವೇಗದಲ್ಲಿ ಶುರು, ಎಷ್ಟಕ್ಕೆ ನಿಲ್ಲುತ್ತದೆ?
- ಕಾಲು ತೆಗೆದರೆ ನಿಲ್ಲುತ್ತದೆಯೇ?
- ನ್ಯೂಟ್ರಲ್ಲಿನಲ್ಲಿ ಉರುಳುವಾಗ ಇದೆಯೇ?
- ಗೇರ್ ಬದಲಿಸಿದರೆ ನಡುಕ ಬದಲಾಗುತ್ತದೆಯೇ?
- ಖಾಲಿ ಇದ್ದಾಗ ಹೆಚ್ಚೋ, ಹೇರಿದಾಗ ಹೆಚ್ಚೋ?
- ನಡುಕ ಶುರುವಾಗುವ ಮುಂಚೆ ಏನು ರಿಪೇರಿ ಆಗಿತ್ತು?

ಒಳ್ಳೇ ಮೆಕ್ಯಾನಿಕ್ ಈ ಚೀಟಿ ನೋಡಿ ಖುಷಿಪಡುತ್ತಾನೆ, ಅವನ ಅರ್ಧ ದಿನ ಉಳಿಯಿತು. ಚೀಟಿ ಓದದೆ 'ಎಲ್ಲಾ ಬದಲಿಸಬೇಕು' ಅನ್ನುವವನಿದ್ದರೆ ಗಾಡಿಯನ್ನು ಬೇರೆ ಕಡೆ ತೋರಿಸಿ. ಬದಲಿಸಿದ ಹಳೇ ಸಾಮಾನನ್ನು ಕೇಳಿ ಮನೆಗೆ ತನ್ನಿ. ಸವೆದ ಜಾಯಿಂಟನ್ನು ಒಂದು ಸಲ ಕೈಯಲ್ಲಿ ಹಿಡಿದು ಅಲುಗಿಸಿ ನೋಡಿದವರಿಗೆ ಮುಂದಿನ ಸಲ ಈ ಲೇಖನ ಬೇಕಾಗುವುದಿಲ್ಲ.